ಏಳನೇ ಕ್ಲಾಸಿನ ಏಳುಬೀಳು

ಅಕ್ಟೋಬರ್ 22, ಮಂಗಳವಾರ

ದಸರಾ ರಜೆ ಮುಗಿದು ಶಾಲೆ ಶುರುವಾದ ಎರಡನೇ ದಿನಕ್ಕೇ ನಮ್ಮ ಪುಸ್ತಕ ಅರವತ್ತನೇ ಪುಟ ಮುಟ್ಟಿತು. ಮಾತು ನನ್ನದು, ಚಿತ್ರ ಸಿಂಧುವಿನದು. ರಟ್ಟಿನ ಮೇಲೆ ‘ಏಳನೇ ಕ್ಲಾಸಿನ ಏಳುಬೀಳು’ ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ಏಳು ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಿರುವ ಹಾಗೆ ಸಿಂಧು ಬಿಡಿಸಿದ್ದಾಳೆ.

ಹೋದ ವರ್ಷ ಶಾಲೆಗೆ ಬಂದ ಪುಸ್ತಕದ ಪೆಟ್ಟಿಗೆಯಲ್ಲಿ ಇಂಥ ನಗೆಚಿತ್ರದ ಕಥೆಪುಸ್ತಕಗಳಿದ್ದವು. ಎಲ್ಲವೂ ದೊಡ್ಡ ಊರಿನ ಶಾಲೆಗಳ ಕಥೆ. ಅಲ್ಲಿ ಕ್ಯಾಂಟೀನ್ ಇರುತ್ತದೆ, ಈಜುಕೊಳ ಇರುತ್ತದೆ. ಬಿಸಿಯೂಟದ ಸಾರಿನಲ್ಲಿ ಬೇಳೆ ಹುಡುಕುವ ಕಥೆಯನ್ನು ಯಾರೂ ಬರೆದಿರಲಿಲ್ಲ. ಅದಕ್ಕೇ ನಾವು ಬರೆದೆವು.

ಪುಸ್ತಕದಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಕನ್ನಡದ ತೋಂಟದಾರ್ಯ ಮೇಷ್ಟ್ರು ಬೇಸಿಗೆಯಲ್ಲೂ ಹಸಿರು ಸ್ವೆಟರ್ ಹಾಕುತ್ತಾರೆ, ಹಾಗಾಗಿ ತೊಂಡೆಕಾಯಿ ಮೇಷ್ಟ್ರು. ಕ್ಲಾಸ್ ಲೀಡರ್ ಜ್ಞಾನೇಶ್ ಬೋರ್ಡುಬ್ರಹ್ಮ. ಮಾತಾಡಿದವರ ಹೆಸರು ಬರೆಯುವ ಭರದಲ್ಲಿ ಒಂದು ಸಲ ತನ್ನ ಹೆಸರನ್ನೂ ಬರೆದುಕೊಂಡಿದ್ದ. ಹಿಂದಿನ ಬೆಂಚಿನ ಧನ್ಯಶ್ರೀ ನಿದ್ದೆರಾಣಿ. ಹಾಜರಿ ಕೂಗಿ ಮುಗಿಯುವಷ್ಟರಲ್ಲಿ ಅವಳ ಹಣೆ ಬೆಂಚಿಗೆ ಅಂಟಿರುತ್ತದೆ. ಇವತ್ತು ಮುಗಿದದ್ದು ಅವಳ ಪುಟವೇ. ಇಡೀ ಪುಸ್ತಕದಲ್ಲಿ ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಬಂದಿಲ್ಲ.

ಈ ದಿನಚರಿಯ ವಿಷಯ ಸಿಂಧುವಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಅಕ್ಟೋಬರ್ 26, ಶನಿವಾರ

ಇವತ್ತಿನಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಕೊನೆಯ ಪೀರಿಯಡ್‌ನಲ್ಲಿ ತೊಂಡೆಕಾಯಿ ಮೇಷ್ಟ್ರೇ ‘ಅದೇನೋ ಪುಸ್ತಕ ಮಾಡಿದ್ದೀರಂತೆ, ಓದಿ ನೋಡೋಣ’ ಎಂದರು. ಸಿಂಧು ಚಿತ್ರ ಎತ್ತಿ ಹಿಡಿದಳು, ನಾನು ಓದಿದೆ. ಬೋರ್ಡುಬ್ರಹ್ಮನ ಕಥೆಗೆ ಜ್ಞಾನೇಶ್ ಕಿವಿಯವರೆಗೂ ಕೆಂಪಾದ. ತೊಂಡೆಕಾಯಿಯ ಪುಟವನ್ನು ಬೇಗ ಬೇಗ ಓದಿದೆ. ಮೇಷ್ಟ್ರು ತಮ್ಮ ಸ್ವೆಟರನ್ನು ತಾವೇ ಜಗ್ಗಿ ನೋಡಿಕೊಂಡು ನಕ್ಕುಬಿಟ್ಟರು. ಆಮೇಲೆ ನಿದ್ದೆರಾಣಿಯ ಪುಟ. ‘ನಿದ್ದೆರಾಣಿಯ ರಾಜ್ಯದಲ್ಲಿ ಸೂರ್ಯ ಹುಟ್ಟುವುದು ಊಟದ ಬೆಲ್ಲಿಗೆ’ ಎಂದು ಓದಿದೆ. ಅವಳ ಬಾಯಿಂದ ಜೊಲ್ಲು ಹೊಳೆಯಾಗಿ ಹರಿದು, ಆ ಹೊಳೆಯಲ್ಲಿ ಬೋರ್ಡುಬ್ರಹ್ಮ ಕಾಗದದ ದೋಣಿ ಬಿಡುವ ಚಿತ್ರ. ನಗುವಿಗೆ ಬೆಂಚುಗಳು ಅಲ್ಲಾಡಿದವು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಧನ್ಯಶ್ರೀಯೂ ನಕ್ಕಳು.

ಮಕ್ಕಳ ದಿನಾಚರಣೆಗೆ ತಿಪಟೂರಿನಲ್ಲಿ ಮಕ್ಕಳೇ ಮಾಡಿದ ಪುಸ್ತಕಗಳ ಪ್ರದರ್ಶನ ಇದೆಯಂತೆ. ನಮ್ಮದನ್ನು ಕಳಿಸುತ್ತಾರಂತೆ. ತಿಪಟೂರಿನ ಕೊಬ್ಬರಿ ಅಂಗಡಿಯಿಂದ ಅಪ್ಪ ಬಂದ ಕೂಡಲೇ ಹೇಳಿದೆ. ಅಂಗಡಿಯ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದರು.

ಅಕ್ಟೋಬರ್ 29, ಮಂಗಳವಾರ

ನಿನ್ನೆ, ಇವತ್ತು ನಿದ್ದೆರಾಣಿ ಬರಲಿಲ್ಲ. ‘ಇನ್ನೂ ಎದ್ದಿಲ್ಲ ಕಣೇ’ ಎಂದಳು ಸಿಂಧು. ‘ನಿದ್ದೆರಾಣಿಯ ರಜೆ’ ಎಂದು ಇನ್ನೊಂದು ಪುಟ ಮಾಡಬೇಕೆಂದುಕೊಂಡಿದ್ದೇವೆ. ನಾಡಿದ್ದಿನಿಂದ ದೀಪಾವಳಿ.

ನವೆಂಬರ್ 4, ಸೋಮವಾರ

ಹಾಜರಿಯಲ್ಲಿ ಧನ್ಯಶ್ರೀಯ ಹೆಸರು ಬಂದಾಗ ಯಾರೂ ಓ ಎನ್ನಲಿಲ್ಲ. ಮೇಷ್ಟ್ರು ತಲೆಯೆತ್ತಿ ‘ಇನ್ನೂ ಬಂದಿಲ್ವಾ?’ ಎಂದರು. ಅವಳ ಹಟ್ಟಿಯ ಕಡೆಯಿಂದ ಬರುವ ಹುಡುಗಿಯೊಬ್ಬಳು ‘ಇನ್ ಬರಲ್ವಂತೆ ಸಾರ್, ಬುಟ್ಬುಟ್ಳಂತೆ’ ಎಂದಳು.

ಸಂಜೆ ಅಮ್ಮ ಡೇರಿಗೆ ಹಾಲು ಹಾಕಿ ಬಂದವಳು ಕ್ಯಾನು ಕೆಳಗಿಡುತ್ತಲೇ ಕೇಳಿದಳು.

‘ಕಲ್ಲೇಶಣ್ಣನ ಮಗಳು ನಿಮ್ ಕ್ಲಾಸಾ?’

‘ಹೂಂ. ಯಾಕೆ?’

‘ಪಾಪ ಕಣೇ. ಅವರಮ್ಮ ಪುಟ್ಟಗಂಗಮ್ಮನಿಗೆ ಲಕ್ವ ಹೊಡೆದು ಮಲಗವ್ಳಂತೆ, ಆಷಾಢದಿಂದ. ಕಲ್ಲೇಶಣ್ಣ ಬೆಳಗಿನ ರೈಲಿಗೆ ಅಮ್ಮಸಂದ್ರದ ಫ್ಯಾಕ್ಟ್ರಿಗೆ ಹೋದ್ರೆ ಬರೋದು ಕತ್ತಲಾದ್ಮೇಲೆ. ಹಸ ಕರೆಯೋದು, ಮುದ್ದೆ ಮಾಡೋದು, ಅಮ್ಮನ ಮೈ ತೊಳೆಯೋದು, ಎಲ್ಲಾ ಆ ಮಗೂದೇ. ನಾಲ್ಕು ಗಂಟೆಗೇ ಏಳ್ತದಂತೆ. ಇಷ್ಟು ದಿನ ಹಗಲು ಪಕ್ಕದ ಮನೆಯೋರಿಗೆ ಒಪ್ಪಿಸಿ ಹೆಂಗೋ ಶಾಲೆಗೆ ಬರ್ತಿತ್ತು.’

ನಾನು ಕ್ಯಾನಿನ ಮುಚ್ಚಳ ತೆಗೆದು ತೊಳೆಯಲು ಕುಳಿತೆ.

‘ಶಾಲೇಲಿ ಯಾರೋ ಅವಳ ಮೇಲೆ ಪುಸ್ತಕ ಬರೆದು ನಗಾಡಿದ್ರಂತೆ. ನಿದ್ದೆ ಮಾಡೋಕೆ ಶಾಲೆಗ್ ಯಾಕ್ ಹೋಗ್ಬೇಕು, ಮನೇಲೇ ಇರು ಅಂದ್ಬುಟ್ಟನಂತೆ ಅವರಪ್ಪ. ಯಾರೇ ಅದು ಬರೆದೋರು?’

‘ಗೊತ್ತಿಲ್ಲ’ ಎಂದೆ.

ನವೆಂಬರ್ 5, ಮಂಗಳವಾರ

ಅವಳೂ ನಕ್ಕಳಲ್ಲ. ನಾನೇ ನೋಡಿದೆ. ನಕ್ಕಳು.

ನವೆಂಬರ್ 7, ಗುರುವಾರ

ಪ್ರದರ್ಶನಕ್ಕೆ ಕೊಡುವ ಮೊದಲು ನಿದ್ದೆರಾಣಿಯ ಪುಟ ತೆಗೆದುಬಿಡೋಣ ಎಂದು ಸಿಂಧುವಿಗೆ ಹೇಳಿದೆ. ಅವಳು ಬಣ್ಣದ ಪೆನ್ಸಿಲ್ ಕೆತ್ತುತ್ತಿದ್ದಳು. ಕೆತ್ತುತ್ತಲೇ ಇದ್ದಳು.

‘ಚೆನ್ನಾಗಿರೋದೇ ಅದೊಂದು. ಮೂರು ದಿನ ಕೂತು ಆ ಚಿತ್ರ ಬರೆದಿದ್ದೀನಿ.’

‘ಅವರಮ್ಮನಿಗೆ ಹುಷಾರಿಲ್ವಂತೆ ಕಣೇ.’

‘ನಮಗೇನ್ ಗೊತ್ತಿತ್ತಾ? ಗೊತ್ತಿದ್ದೂ ಮಾಡಿದ್ರೆ ತಪ್ಪು.’

‘ಈಗ ಗೊತ್ತಾಯ್ತಲ್ಲ.’

‘ಜೊಲ್ಲು ಸುರಿಸ್ತಾಳೆ ಅಂತ ಬರೆದಿದ್ದು ಯಾರು? ನಾನಾ? ನೀನ್ ಬರೆದಿದ್ದಕ್ಕೆ ನಾನ್ ಚಿತ್ರ ಹಾಕ್ದೆ, ಅಷ್ಟೇ.’

ಅದು ನಿಜ. ಆ ಮಾತು ನನ್ನದೇ. ಅವಳು ನಿಜವಾಗಿ ಜೊಲ್ಲು ಸುರಿಸುತ್ತಾಳೋ ಇಲ್ಲವೋ ನಾನು ನೋಡಿಯೇ ಇಲ್ಲ. ನಗು ಬರಲಿ ಎಂದು ಸೇರಿಸಿದ್ದೆ.

ನಾನೂ ಕೆಟ್ಟದಾಗಿ ಮಾತಾಡಿದೆ. ನಿನ್ನ ಚಿತ್ರ ಇಲ್ಲದಿದ್ದರೆ ಯಾರೂ ಅಷ್ಟು ನಗುತ್ತಿರಲಿಲ್ಲ ಎಂದೆ. ಸಿಂಧು ತನ್ನ ಬ್ಯಾಗು ತೆಗೆದುಕೊಂಡು ಕಿಟಕಿಯ ಪಕ್ಕದ ಬೆಂಚಿಗೆ ಹೋಗಿ ಕುಳಿತಳು. ಒಂದನೇ ಕ್ಲಾಸಿನಿಂದ ನಾವು ಒಂದೇ ಬೆಂಚು.

ನವೆಂಬರ್ 10, ಭಾನುವಾರ

ಸಿಂಧು ಮನೆಗೆ ಹೋಗುತ್ತೇನೆ ಎಂದು ಅಮ್ಮನಿಗೆ ಸುಳ್ಳು ಹೇಳಿ ಧನ್ಯಶ್ರೀಯ ಹಟ್ಟಿಗೆ ಹೋದೆ. ನಮ್ಮೂರಿನಿಂದ ಎರಡು ಕಿಲೋಮೀಟರ್, ಹಾಲ್ಕುರಿಕೆ ರಸ್ತೆ ಬಿಟ್ಟು ತೋಟದೊಳಗೆ ಇಳಿಯಬೇಕು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಅಲ್ಲಿ ಹೋದ ಮೇಲೆ ಅದರಲ್ಲಿ ಒಂದು ಮಾತೂ ನೆನಪಾಗಲಿಲ್ಲ.

ಅವಳು ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕುತ್ತಿದ್ದಳು. ನನ್ನನ್ನು ನೋಡಿಯೂ ಏಳಲಿಲ್ಲ.

‘ಏನ್ ಬೇಕಿತ್ತು?’

‘ಸುಮ್ನೆ ಬಂದೆ.’

‘ಪುಸ್ತಕ ತಂದಿದ್ದೀಯಾ?’

‘ಇಲ್ಲ.’

‘ಒಳ್ಳೇದಾಯ್ತು ಬುಡು.’

ಒಳಗಿನಿಂದ ಒಂದು ಸದ್ದು ಬಂತು. ಮಾತೂ ಅಲ್ಲ, ನರಳುವುದೂ ಅಲ್ಲ. ಧನ್ಯಶ್ರೀ ಓಡಿದಳು. ಒಳಗಿಂದಲೇ ‘ಅಪ್ಪ ಮದ್ದು ತರೋಕ್ ಹೋಗವ್ನೆ. ಬಂದಿದ್ದೀಯಲ್ಲ, ಒಂದ್ ಕೈ ಹಿಡಿ ಬಾ’ ಎಂದು ಕೂಗಿದಳು.

ಅವಳ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿಟ್ಟರೆ ಬೆನ್ನು ಹುಣ್ಣಾಗುತ್ತದಂತೆ. ಎರಡು ಗಂಟೆಗೊಮ್ಮೆ ಹೊರಳಿಸಬೇಕು. ನಾನು ಅವರ ಬಲಗೈ ಹಿಡಿದು ಎಳೆದೆ. ಅವರ ಮುಖ ಕಿವುಚಿಕೊಂಡಿತು.

‘ಆ ಕೈ ಎಳೀಬೇಡ! ಅದಕ್ಕೆ ಸ್ವಾಧೀನ ಇಲ್ಲ. ಭುಜದ ಅಡಿಗೆ ಕೈ ಹಾಕು. ಹಂಗೆ. ಈಗ ನನ್ ಜೊತೆ ಎತ್ತು.’

ಮನುಷ್ಯರು ಇಷ್ಟು ಭಾರ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಹೊರಳಿಸಿದೆವು. ದಿನವೂ ಇವಳು ಇದನ್ನು ಒಬ್ಬಳೇ ಮಾಡುತ್ತಾಳೆ. ಧನ್ಯಶ್ರೀ ಬೆನ್ನಿನ ಹಿಂದೆ ದಿಂಬು ಕೊಟ್ಟು, ಸೀರೆ ಸರಿಮಾಡಿ, ಹಣೆಯ ಮೇಲಿನ ಕೂದಲು ಹಿಂದಕ್ಕೆ ತೀಡಿದಳು. ಪುಟ್ಟಗಂಗಮ್ಮ ನನ್ನನ್ನು ನೋಡಿ ‘ಯಾ... ಯಾರು’ ಎಂದರು. ‘ನಮ್ ಕ್ಲಾಸಿನೋಳು ಕಣಮ್ಮ’ ಎಂದಳು. ಅಷ್ಟೇ ಹೇಳಿದಳು.

ಹೊರಗೆ ಜಗುಲಿಯ ಮೇಲೆ ಕುಳಿತೆವು.

‘ಶಾಲೇಲಿ ಯಾರಿಗೂ ಯಾಕೆ ಹೇಳ್ಲಿಲ್ಲ?’ ಎಂದೆ.

‘ಯಾರ್ ಕೇಳಿದ್ರು?’

ಅವತ್ತು ನೀನೂ ನಕ್ಕೆಯಲ್ಲ ಎಂದು ಕೇಳಿಬಿಟ್ಟೆ. ಅದನ್ನು ಕೇಳಲೆಂದೇ ಬಂದಿದ್ದೆನೋ ಏನೋ.

‘ಅತ್ರೆ ಅದನ್ನೂ ಬರೆದ್ಬುಡ್ತೀಯಲ್ಲ, ಅದಕ್ಕೆ ನಕ್ಕೆ’ ಎಂದಳು.

ಕ್ಷಮಿಸು ಎಂದು ಹೇಳಿದೆ. ಅವಳು ನೀರು ಕಾದಿದೆ ಎಂದು ಎದ್ದು ಹೋದಳು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಗೊತ್ತಿಲ್ಲ ಎಂದಿದ್ದು ಸುಳ್ಳು, ಸಿಂಧು ಮನೆ ಎಂದಿದ್ದೂ ಸುಳ್ಳು ಎಂದೆ. ಹೊಡೆಯುತ್ತಾಳೆ ಎಂದುಕೊಂಡೆ. ಅಮ್ಮ ತಟ್ಟುತ್ತಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ ಕೈ ಒರೆಸಿಕೊಂಡಳು. ‘ನಿಮ್ ಮೇಷ್ಟ್ರಿಗೆ ಹೇಳು. ನಾನ್ ಹೇಳೋದಲ್ಲ, ನೀನೇ ಹೇಳ್ಬೇಕು’ ಎಂದಳು.

ನವೆಂಬರ್ 11, ಸೋಮವಾರ

ಊಟದ ಬೆಲ್ ಆದಮೇಲೆ ಹೇಳಿದೆ. ಮೇಷ್ಟ್ರು ನಮ್ಮ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕುತ್ತಿದ್ದರು. ನಾನು ಹೇಳುವುದು ಮುಗಿಯುವವರೆಗೂ ಅವರ ಕೈ ಕಾಗದದ ಮೇಲೇ ಇತ್ತು.

ಬೈದಿದ್ದರೆ ಚೆನ್ನಾಗಿತ್ತು.

‘ನಾನು ಜುಲೈನಿಂದ ಎಷ್ಟು ಸಲ ಆ ಮಗೂನ ನಿಲ್ಲಿಸಿದ್ದೀನಿ ಗೊತ್ತಾ?’ ಎಂದರು. ‘ನಿದ್ದೆ ಮಾಡ್ತಾಳೆ ಅಂತ. ಮುಖ ತೊಳ್ಕೊಂಡ್ ಬಾ ಅಂತ ಕಳಿಸಿದ್ದೀನಿ. ಯಾಕಮ್ಮಾ ಅಂತ ಒಂದ್ ಸಲ ಕೇಳ್ಲಿಲ್ಲ. ನೀನು ಓದಿದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೂ ನಾನೇ.’

ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಆ ಪುಟ ತೆಗೆದು ಕಳಿಸಬಹುದು, ಮಿಕ್ಕಿದ್ದು ಚೆನ್ನಾಗಿದೆ, ನಿರ್ಧಾರ ನಿನಗೂ ಸಿಂಧುಗೂ ಬಿಟ್ಟಿದ್ದು ಎಂದರು. ಸಿಂಧುವನ್ನು ಕರೆಸಿದರು. ಅವಳು ನನ್ನ ಕಡೆ ನೋಡದೆ, ‘ಪೂರ್ತಿ ಕಳಿಸೋದಾದ್ರೆ ಕಳಿಸಿ ಸಾರ್, ಇಲ್ಲಾಂದ್ರೆ ಬೇಡ’ ಎಂದಳು. ಹಾಗಾದರೆ ಬೇಡ ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅರವತ್ತು ಪುಟ ಅವಳದೂ ಹೌದು.

ನವೆಂಬರ್ 14, ಗುರುವಾರ

ಮಕ್ಕಳ ದಿನಾಚರಣೆ. ಲಾಡು ಕೊಟ್ಟರು. ಪುಸ್ತಕ ಕಳಿಸಿಲ್ಲ ಎಂದು ಅಪ್ಪನಿಗೆ ಹೇಳುವುದು ಕಷ್ಟವಾಯಿತು. ಪ್ರದರ್ಶನದಲ್ಲಿ ಏನೇನಿತ್ತೋ ಗೊತ್ತಿಲ್ಲ.

ನವೆಂಬರ್ 17, ಭಾನುವಾರ

ಭಾನುವಾರ ಕಲ್ಲೇಶಣ್ಣನಿಗೆ ರಜೆ. ತೋಂಟದಾರ್ಯ ಮೇಷ್ಟ್ರು ಅವರ ಮನೆಗೆ ಹೊರಟರು. ಅಮ್ಮನೂ ನನ್ನನ್ನು ಕರೆದುಕೊಂಡು ಅವರ ಜೊತೆ ಹೊರಟಳು. ಬರಲ್ಲ ಎಂದೆ. ಅಮ್ಮ ಕೇಳಲಿಲ್ಲ.

ಕಲ್ಲೇಶಣ್ಣ ಚಾಪೆ ಹಾಸಿದರು. ಮೇಷ್ಟ್ರು ಮಗಳನ್ನು ಶಾಲೆಗೆ ಕಳಿಸಿ ಎಂದು ಕೇಳಿಕೊಂಡರು.

‘ನಾನೇನ್ ಖುಷಿಗೆ ಬುಡಿಸಿದ್ನಾ ಸಾರ್? ನಾಲ್ಕು ತಿಂಗಳಿಂದ ನೋಡ್ತಾ ಇದ್ದೀನಿ. ಇಲ್ಲೂ ಕೆಲಸ, ಅಲ್ಲೂ ಬೈಗುಳ. ನಿಂತ್ಕೊಂಡೇ ತೂಕಡಿಸ್ತದೆ ಮಗ. ಎರಡ್ರಲ್ಲಿ ಒಂದನ್ನಾದ್ರೂ ಕಮ್ಮಿ ಮಾಡಾಣ ಅಂತ ಬುಡಿಸ್ದೆ.’ ಆಮೇಲೆ ನನ್ನ ಕಡೆ ನೋಡಿದರು. ‘ಈ ಮಗಾನೇನಾ ಬರೆದಿದ್ದು?’

ನಾನೇ ಹೂಂ ಎಂದೆ.

‘ಚೆನ್ನಾಗ್ ಬರೀತೀಯಂತೆ’ ಎಂದರು. ಕೋಪದಿಂದ ಹೇಳಲಿಲ್ಲ. ಅದಕ್ಕೇ ನನಗೆ ತಲೆ ಎತ್ತಲು ಆಗಲಿಲ್ಲ.

ಆಮೇಲಿನ ಮಾತೆಲ್ಲ ದೊಡ್ಡವರದು. ತುರುವೇಕೆರೆಯ ಹತ್ತಿರ ಕಲ್ಲೇಶಣ್ಣನ ಅಕ್ಕ ತಿಮ್ಮಕ್ಕ ಇದ್ದಾರಂತೆ. ಕರೆದರೆ ಬರುತ್ತಾರೆ, ಆದರೆ ಕರೆಯಲು ಸಂಕೋಚ ಎಂದರು. ‘ಅಕ್ಕನ್ನ ಕರೆಯೋಕೆ ಎಂಥ ಸಂಕೋಚ, ಕಲ್ಲೇಶಣ್ಣ? ಈಗ್ಲೇ ಫೋನ್ ಮಾಡಿ’ ಎಂದು ಅಮ್ಮ ಜೋರು ಮಾಡಿದಳು. ಸಂಜೆ ಹಾಲನ್ನು ನಮ್ಮ ಹಾಲಿನ ಜೊತೆಗೇ ಡೇರಿಗೆ ಹಾಕುತ್ತೇನೆ ಎಂದಳು. ಬೆಳಿಗ್ಗೆ ತಡವಾಗಿ ಬಂದರೂ ಹಾಜರಿ ಕೊಡಿಸುವ ಜವಾಬ್ದಾರಿ ನನ್ನದು ಎಂದರು ಮೇಷ್ಟ್ರು.

ಧನ್ಯಶ್ರೀ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೇನು ಬೇಕು ಎಂದು ಕೇಳಿದ್ದು ಕೊನೆಗೆ ಅವರಪ್ಪನೇ. ‘ಹೋಗ್ತೀಯೇನವ್ವ?’ ಎಂದರು.

‘ಅತ್ತೆ ಬಂದ್ರೆ ಹೋಗ್ತೀನಿ. ಅತ್ತೆಗೆ ಅಮ್ಮನ್ನ ಹೊರಳಿಸೋದು ನಾನ್ ಹೇಳ್ಕೊಡ್ಬೇಕು. ಅದಾದ್ಮೇಲೆ.’

ನವೆಂಬರ್ 25, ಸೋಮವಾರ

ಧನ್ಯಶ್ರೀ ಬಂದಳು. ಹತ್ತೂವರೆಗೆ. ಹಿಂದಿನ ಬೆಂಚಿಗೇ ಹೋದಳು. ನನ್ನ ಪಕ್ಕದ ಜಾಗ ಖಾಲಿಯಿದೆ, ಕರೆಯಲು ಧೈರ್ಯ ಬರಲಿಲ್ಲ. ಒಂದು ತಿಂಗಳ ನೋಟ್ಸ್ ಕೊಟ್ಟೆ. ತಿರುವಿ ನೋಡಿ, ‘ಅಕ್ಷರ ಚೆನ್ನಾಗೈತೆ’ ಎಂದಳು.

ನವೆಂಬರ್ 30, ಶನಿವಾರ

ಧನ್ಯಶ್ರೀಯೂ ಸೇರಿ ಹಿಂದುಳಿದ ನಾಲ್ಕು ಮಕ್ಕಳಿಗೆ ಮೇಷ್ಟ್ರು ಶನಿವಾರ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಪಾಠ ಇಟ್ಟಿದ್ದಾರೆ. ತಿಮ್ಮಕ್ಕ ಶನಿವಾರ ಮಧ್ಯಾಹ್ನದ ಬಸ್ಸಿಗೆ ತಮ್ಮ ಊರಿಗೆ ಹೋಗಿಬರುತ್ತಾರೆ. ಆ ಹೊತ್ತು ಪುಟ್ಟಗಂಗಮ್ಮನ ಹತ್ತಿರ ನಾನು ಕುಳಿತಿರುತ್ತೇನೆ ಎಂದು ಹೇಳಿದೆ. ಧನ್ಯಶ್ರೀ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀರು ಕೊಡುವಾಗ ತಲೆ ಎತ್ತಿ ಹಿಡೀಬೇಕು, ಚಮಚದಲ್ಲೇ ಕೊಡ್ಬೇಕು’ ಎಂದಳು.

ಪುಟ್ಟಗಂಗಮ್ಮ ಈಗ ದಿಂಬಿಗೆ ಒರಗಿ ಕೂರುತ್ತಾರೆ. ಮಾತು ನಿಧಾನ, ಒಂದೊಂದು ಪದಕ್ಕೂ ಕಾಯಬೇಕು. ನೀರು ಕುಡಿದ ಮೇಲೆ ಕೇಳಿದರು. ‘ನನ್... ಮಗಳು. ಶಾಲೇಲಿ. ಹೆಂಗವ್ಳೆ?’

ಮೂರು ವರ್ಷದಿಂದ ಒಂದೇ ಕ್ಲಾಸು. ಅವಳಿಗೆ ಯಾವ ವಿಷಯ ಇಷ್ಟ, ಆಟದ ಪೀರಿಯಡ್‌ನಲ್ಲಿ ಏನು ಮಾಡುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ, ಒಂದೂ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಬೆಂಚಿನ ಮೇಲೆ ಬಾಗಿದ ಅವಳ ನೆತ್ತಿ ಮಾತ್ರ.

‘ಚೆನ್ನಾಗಿ ಓದ್ತಾಳೆ’ ಎಂದೆ. ಅವರು ಇನ್ನೂ ಏನಾದರೂ ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದರು.

ಡಿಸೆಂಬರ್ 7, ಶನಿವಾರ

ಈ ಸಲ ಹೇಳಲು ಇತ್ತು. ಧನ್ಯಶ್ರೀ ಮನಸ್ಸಿನಲ್ಲೇ ಲೆಕ್ಕ ಮಾಡಿ ಜ್ಞಾನೇಶನಿಗಿಂತ ಮೊದಲು ಕೈ ಎತ್ತುತ್ತಾಳೆ. ಖೋಖೋದಲ್ಲಿ ಯಾರಿಗೂ ಸಿಗುವುದಿಲ್ಲ. ಒಂದನೇ ಕ್ಲಾಸಿನ ಪುಟಾಣಿಗಳು ಜಡೆ ಬಿಚ್ಚಿಹೋದರೆ ಅವಳ ಹತ್ತಿರವೇ ಬರುತ್ತವೆ. ಎಲ್ಲ ಹೇಳಿದೆ. ಪುಟ್ಟಗಂಗಮ್ಮ ಒಂದೊಂದಕ್ಕೂ ಎಡಗೈಯಿಂದ ಮಂಚ ತಟ್ಟಿದರು, ಇನ್ನೂ ಹೇಳು ಎನ್ನುವ ಹಾಗೆ.

ಬೆಳಿಗ್ಗೆ ಸಿಂಧು ನಲ್ಲಿಯ ಹತ್ತಿರ ಸಿಕ್ಕಳು. ‘ಅವರಮ್ಮ ಹೆಂಗವ್ರೆ?’ ಎಂದು ಕೇಳಿದಳು. ಕೂರ್ತಾರೆ ಎಂದೆ. ಬಾಟಲಿ ತುಂಬಿಸಿಕೊಂಡು ಹೋದಳು.

ಡಿಸೆಂಬರ್ 14, ಶನಿವಾರ

ಗುರುವಾರ ಶಾಲೆಗೆ ಒಂದು ಹಸು ನುಗ್ಗಿತ್ತು. ಅದನ್ನು ಇವತ್ತು ಪುಟ್ಟಗಂಗಮ್ಮನಿಗೆ ಹೇಳಿದೆ.

ಯಾರದೋ ಹಗ್ಗ ಕಿತ್ತುಕೊಂಡ ಹಸು ಸೀದಾ ನಮ್ಮ ಕ್ಲಾಸಿಗೇ ಬಂತು. ಗೋಡೆಗೆ ಜೀರ್ಣಾಂಗದ ಚಾರ್ಟ್ ನೇತುಹಾಕಿತ್ತು. ಅದನ್ನು ಕೆಳಗಿನಿಂದ ತಿನ್ನಲು ಶುರುಮಾಡಿತು. ದೊಡ್ಡ ಕರುಳು ಹೋಯಿತು, ಸಣ್ಣ ಕರುಳು ಹೋಯಿತು, ಜಠರಕ್ಕೆ ಬಾಯಿ ಹಾಕಿತು. ಜೀರ್ಣಾಂಗವೆಲ್ಲ ಅದರ ಜೀರ್ಣಾಂಗ ಸೇರುತ್ತಿತ್ತು. ಜ್ಞಾನೇಶ್ ಸ್ಕೇಲು ತೋರಿಸಿ ಹೆದರಿಸಿದ. ಅದು ತಿರುಗಿ ನೋಡಿತು, ಇವನು ಬಾಗಿಲ ಹಿಂದೆ ಸೇರಿದ. ತೋಂಟದಾರ್ಯ ಮೇಷ್ಟ್ರು ಆಗಲೇ ಕುರ್ಚಿಯ ಮೇಲೆ ನಿಂತಿದ್ದರು. ಅಲ್ಲಿಂದಲೇ ‘ಯಾರೂ ಹೆದರ್ಬೇಡಿ’ ಎನ್ನುತ್ತಿದ್ದರು. ಆಗ ಧನ್ಯಶ್ರೀ ಎದ್ದು ಬಂದು ‘ಬಾ ಅವ್ವ’ ಎಂದಳು. ಹಸು ಅನ್ನನಾಳವನ್ನು ಬಿಟ್ಟು ಅವಳ ಹಿಂದೆ ಹೊರಟೇಹೋಯಿತು. ಅದು ಗೇಟು ದಾಟಿದ ಮೇಲೂ ಮೇಷ್ಟ್ರು ಕುರ್ಚಿಯ ಮೇಲಿಂದ ‘ಹೋಯ್ತಾ? ಹೋಯ್ತಾ?’ ಎಂದು ಕೇಳುತ್ತಲೇ ಇದ್ದರು.

ಮೇಷ್ಟ್ರು ನಿಂತಿದ್ದ ಹಾಗೆ ನಾನೂ ಸ್ಟೂಲಿನ ಮೇಲೆ ನಿಂತು ತೋರಿಸಿದೆ. ಪುಟ್ಟಗಂಗಮ್ಮನ ಗಂಟಲಿನಿಂದ ಏನೋ ಸದ್ದು ಬಂತು. ನನಗೆ ಭಯವಾಯಿತು. ಇಳಿದು ಹತ್ತಿರ ಹೋದೆ. ಅವರು ನಗುತ್ತಿದ್ದರು. ಬಾಯಿಯ ಒಂದು ಕಡೆ ಮಾತ್ರ ಮೇಲೆ ಹೋಗಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ಎಡಗೈ ಮಂಚವನ್ನು ಬಡಿಯುತ್ತಿತ್ತು.

ಬಾಗಿಲಲ್ಲಿ ಧನ್ಯಶ್ರೀ ನಿಂತಿದ್ದಳು. ಎಷ್ಟು ಹೊತ್ತಿಗೆ ಬಂದಳೋ. ಬ್ಯಾಗು ಇನ್ನೂ ಹೆಗಲ ಮೇಲಿತ್ತು.

‘ಅಮ್ಮ ನಗ್ತಾವ್ಳಾ?’ ಎಂದಳು. ಆಷಾಢದಿಂದ ಈಚೆಗೆ ಅವರು ನಕ್ಕಿರಲಿಲ್ಲವಂತೆ. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖ ಗಟ್ಟಿಯಾಗಿತ್ತು. ‘ಏನ್ ಹೇಳ್ದೆ? ನನ್ ಬಗ್ಗೆನಾ?’

‘ಹೂಂ. ಹಸು ಬಂದಿದ್ದು.’

‘ಏನಂತ?’

ಮತ್ತೆ ಹೇಳಿದೆ, ಅವಳ ಎದುರಿಗೇ. ‘ಬಾ ಅವ್ವ’ ಎಂದ ಕೂಡಲೇ ಹಸು ಹಿಂದೆ ಬಂತು ಎನ್ನುವಲ್ಲಿಗೆ ಬಂದಾಗ ಅವಳು ತಲೆ ಅಲ್ಲಾಡಿಸಿದಳು.

‘ಅದು ಹಂಗಲ್ಲ ಕಣೇ ಆಗಿದ್ದು.’

‘ಮತ್ತೆ?’

‘ಬಾ ಅಂದ್ರೆ ಯಾವ್ ಹಸ ಬತ್ತದೆ? ಮೇಷ್ಟ್ರ ಡಬ್ಬಿ ಮೇಜಿನ ಮೇಲೇ ಇತ್ತು. ಅವ್ರು ಮೇಲ್ ಹತ್ತಿ ಕಣ್ ಮುಚ್ಕೊಂಡಿದ್ರು. ಎರಡು ಚಪಾತಿ ತಕ್ಕಂಡು ಮೂಗಿನ ಹತ್ರ ಹಿಡ್ದೆ. ಅವ್ರಿಗೆ ಇನ್ನೂ ಗೊತ್ತಿಲ್ಲ. ಮಧ್ಯಾಹ್ನ ಡಬ್ಬಿ ತೆಗೆದು, ಬರೀ ಪಲ್ಯ ಕಳಿಸವ್ಳಲ್ಲ ಅಂತ ಮನೆಗೆ ಫೋನ್ ಮಾಡಿ ಕೇಳ್ತಿದ್ರು.’

ಪುಟ್ಟಗಂಗಮ್ಮ ಮತ್ತೆ ಮಂಚ ಬಡಿದರು. ಧನ್ಯಶ್ರೀ ಬ್ಯಾಗು ಕೆಳಗಿಟ್ಟು ಅಮ್ಮನ ಪಕ್ಕದಲ್ಲಿ ಕುಳಿತು, ಬಾಯಿಯ ಅಂಚನ್ನು ಅವರದೇ ಸೆರಗಿನಿಂದ ಒರೆಸಿ, ‘ಇರು, ಮೊದಲಿಂದ ಹೇಳ್ತೀನಿ. ಇವಳಿಗೆ ಅರ್ಧ ಗೊತ್ತಿಲ್ಲ’ ಎಂದು ಶುರುಮಾಡಿದಳು.

ನಾನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳುತ್ತಾ ಕುಳಿತೆ.